ರೊನಾಲ್ಡ್ ರಾಸ್

ಸರ್ ರೊನಾಲ್ಡ್ ರಾಸ್ (13 ಮೇ 1857 – 16 ಸೆಪ್ಟೆಂಬರ್ 1932) ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿಕೊಟ್ಟ ಬ್ರಿಟಿಷ್ ವೈದ್ಯವಿಜ್ಞಾನಿ. ಅಲ್ಮೋರದಲ್ಲಿ ಜನಿಸಿದ ಇವರು 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

ಮಾನವರ ಮೇಲಿನ ಪ್ರಯೋಗಗಳು

ಸೊಳ್ಳೆಗಳು ಸತ್ತುಬಿದ್ದ ನೀರಿನಿಂದ ಮಲೇರಿಯಾ ಬರುತ್ತದೆಂಬ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಊಹೆಯನ್ನು ಪರೀಕ್ಷಿಸಲು ರಾಸ್ 1895ರಲ್ಲಿ ಸಿಕಂದರಾಬಾದಿನಲ್ಲಿ ಕೆಲವು ಆರೋಗ್ಯವಂತರಿಗೆ ಅಂತಹ ನೀರನ್ನು ಕುಡಿಸಿದರು. ಒಬ್ಬನಿಗೆ ಜ್ವರ ಬಂದಿತಾದರೂ ಊಹೆ ಸ್ಥಿರಪಡಲಿಲ್ಲ. ಅದೇ ವರ್ಷ ಕಾಲರಾ ನಿಯಂತ್ರಣಕ್ಕಾಗಿ ಅವರನ್ನು ಬೆಂಗಳೂರಿಗೆ ನಿಯೋಜಿಸಲಾಯಿತು. ಅಲ್ಲಿ ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರೊಬ್ಬರು ಸ್ವಇಚ್ಛೆಯಿಂದ, ರೋಗಿಯ ರಕ್ತ ಹೀರಿದ್ದ ಸೊಳ್ಳೆಗಳಿಂದ ಕಚ್ಚಿಸಿಕೊಂಡರು; ಅವರಿಗೆ ರೋಗ ತಗಲಲಿಲ್ಲ. 1897ರಲ್ಲಿ ಸಿಕಂದರಾಬಾದಿನ ಮಲೇರಿಯಾ ರೋಗಿ ಹುಸೇನ್ ಖಾನ್, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಹಣ ಪಡೆದನು. ಆ ಸೊಳ್ಳೆಗಳಲ್ಲೊಂದರ ಜಠರದಲ್ಲಿ ಆಗಸ್ಟ್ 20ರಂದು ರೋಗಾಣು ಕಂಡಿತು.

ಜನರ ನಿರಾಕರಣೆ

1898ರಲ್ಲಿ ಕಲ್ಕತ್ತೆಯ ಜನರು ಪ್ಲೇಗ್ ಚುಚ್ಚುಮದ್ದಿನ ಭೀತಿಯಿಂದ ರಕ್ತಪರೀಕ್ಷೆಗೂ ಒಪ್ಪಲಿಲ್ಲ. ಆದ್ದರಿಂದ ರಾಸ್ ಪಕ್ಷಿಗಳತ್ತ ತಿರುಗಿ, ಹಕ್ಕಿಗಳ ಮಲೇರಿಯಾ ಸೊಳ್ಳೆಯ ಕಡಿತದಿಂದಲೇ ಹರಡುತ್ತದೆಂದು ನಿರೂಪಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ನಂತರದ ನಿಲುವು

ಆಗ ಇಂತಹ ಪ್ರಯೋಗಗಳಿಗೆ ಲಿಖಿತ ನಿಯಮವಿರಲಿಲ್ಲ. ಪ್ರಯೋಗಕ್ಕೊಳಗಾಗುವವರ ಸ್ವಯಂಪ್ರೇರಿತ ಸಮ್ಮತಿ ಅತ್ಯಗತ್ಯವೆಂದು 1947ರ ನ್ಯೂರೆಂಬರ್ಗ್ ಸಂಹಿತೆ ಸಾರಿತು. ಸ್ವಯಂಸೇವಕರಿಗೆ ಉದ್ದೇಶಪೂರ್ವಕವಾಗಿ ಸೋಂಕು ತಗಲಿಸುವ ಅಧ್ಯಯನಗಳ ಕುರಿತ ಕರಡು ನೀತಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು.