ಬಣ್ಣ ಹೋದ ಗಿಟಾರ್

ಗಿಟಾರ್ ಹುಚ್ಚಿರೋ ನಾವು ಒಂದು ತಗೊಂಡ ವಾರಕ್ಕೇ ಇನ್ನೊಂದರ ರೇಟ್ ನೋಡ್ತಾ ಕೂತಿರ್ತೀವಿ. ಐರ್ಲೆಂಡಿನ ಬ್ಲೂಸ್ ಗಿಟಾರಿಸ್ಟ್ ರೋರಿ ಗ್ಯಾಲಹರ್ ಹತ್ರಾನೂ ಗಿಟಾರ್‌ಗೇನೂ ಬರ ಇರಲಿಲ್ಲ. ಟೆಲಿಕ್ಯಾಸ್ಟರ್, 1930ರ ದಶಕದ ಲೋಹದ ನ್ಯಾಷನಲ್, ಇನ್ನೂ ಎಷ್ಟೋ. ಆದರೂ ಸ್ಟೇಜ್ ಮೇಲೆ ಅವರು ಮತ್ತೆ ಮತ್ತೆ ಎತ್ತಿಕೊಂಡಿದ್ದು ಒಂದನ್ನೇ.

1948ರಲ್ಲಿ ಹುಟ್ಟಿದ ರೋರಿ ಬೆಳೆದದ್ದು ಕಾರ್ಕ್ ನಗರದಲ್ಲಿ. 1963ರಲ್ಲಿ, ನಮಗಿಂತ ಚಿಕ್ಕ ವಯಸ್ಸಲ್ಲೇ, ಸುಮಾರು 100 ಪೌಂಡಿನ ಸೆಕೆಂಡ್ ಹ್ಯಾಂಡ್ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಅನ್ನು ಕಂತಿನ ಮೇಲೆ ತಗೊಂಡರು. ಆಗಿನ ಕಾಲಕ್ಕೆ ಅದು ಮನೆಯವರು ಬೆಚ್ಚಿಬೀಳೋ ದುಡ್ಡು. ಕೆಲವು ವರ್ಷಗಳಾದ ಮೇಲೆ ಡಬ್ಲಿನ್‌ನಲ್ಲಿ ಅದು ಕಳುವಾಯ್ತು. ಕೆಲ ದಿನಗಳ ನಂತರ ಒಂದು ಹಳ್ಳದಲ್ಲಿ ಮಳೆಗೆ ನೆನೆದು ಬಿದ್ದಿತ್ತು. ಸಿಕ್ಕಮೇಲೆ ಅದನ್ನ ಮಾರಲಿಲ್ಲ, ಬಣ್ಣಾನೂ ಹೊಡೆಸಲಿಲ್ಲ. ರೋರಿಯ ಬೆವರಿಗೆ ಇದ್ದ ಬಣ್ಣವೂ ಎದ್ದುಹೋಗಿ ಬರೀ ಮರ ಕಾಣೋಕೆ ಶುರುವಾಯ್ತು.

ಹಾಗಂತ ರಿಪೇರಿ ಮಾಡಿಸದೆ ಬಿಟ್ಟವರಲ್ಲ. ಫ್ರೆಟ್, ಪಿಕಪ್, ವೈರಿಂಗ್ ಎಲ್ಲಾ ಬದಲಾಯ್ತು. ಆರು ಟ್ಯೂನರ್‌ಗಳಲ್ಲಿ ಒಂದು ಬೇರೆಯದೇ ಥರದ್ದು. ನೋಟ ಹೇಗಾದರೂ ಇರಲಿ, ಶ್ರುತಿ ನಿಲ್ಲಬೇಕು ಅನ್ನೋ ಈ ಲೆಕ್ಕ ಎಂಜಿನಿಯರಿಂಗ್ ಓದೋ ನಮಗೆ ಬಹಳ ಹಿಡಿಸಿತು.

1970ರ ದಶಕದಲ್ಲಿ ಬೆಲ್‌ಫಾಸ್ಟ್‌ನಲ್ಲಿ ಬಾಂಬ್ ಸಿಡೀತಿದ್ದಾಗ ಬೇರೆ ಬ್ಯಾಂಡ್‌ಗಳು ಆ ಕಡೆ ಹೋಗೋಕೆ ಹೆದರುತ್ತಿದ್ದವು. ರೋರಿ ಇದೇ ಗಿಟಾರ್ ಹಿಡಿದು ಹೋಗಿ ಅಲ್ಲಿ ನುಡಿಸಿದರು.

1995ರಲ್ಲಿ, ಲಿವರ್ ಕಸಿ ಆದಮೇಲೆ, 47ನೇ ವಯಸ್ಸಿಗೆ ತೀರಿಕೊಂಡರು. 2024ರಲ್ಲಿ ಲಂಡನ್‌ನಲ್ಲಿ ಅವರ ಸಂಗ್ರಹ ಹರಾಜಾಗಿ ಗಿಟಾರ್‌ಗಳು ಒಬ್ಬೊಬ್ಬರ ಪಾಲಾದವು. ಆ ಸ್ಟ್ರಾಟ್ ಮಾತ್ರ ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂಗೆ ಅಂತಲೇ ಕೊಂಡಿದ್ದು.