ನಗೆಗೀಡಾದ ಗ್ರಂಥಪಾಲ

ಕಳೆದ ವರ್ಷದ ಸ್ನೇಹಸಮ್ಮೇಳನದಲ್ಲಿ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಗಳು ಆಡಿ ತೋರಿಸಿದ ಪ್ರಹಸನವು ಬಹುಜನರಿಗೆ ನೆನಪಿರಬೇಕು. ಅದರಲ್ಲಿ ಒಬ್ಬ ಗ್ರಂಥಪಾಲನಿದ್ದನು. ಮೂಗಿನ ತುದಿಗೆ ಜಾರಿದ ಕನ್ನಡಕ, ಕೊರಳಿಗೆ ಸುತ್ತಿದ ಮಫ್ಲರು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು; ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದವನು ಯಾರಾದರೂ ಪುಸ್ತಕ ಕೇಳಿದೊಡನೆ ದಡಕ್ಕನೆ ಎದ್ದು, ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿರೆಂದು ತಾನೇ ಇಡೀ ಸಭಾಗೃಹ ನಡುಗುವಂತೆ ಅಬ್ಬರಿಸುತ್ತಿದ್ದನು. ಸಭೆಯು ಬಿದ್ದು ಬಿದ್ದು ನಕ್ಕಿತು. ನಾವೂ ನಕ್ಕೆವು. ಆದರೆ ಶಾಲೆಯ ಪುಸ್ತಕದ ಕಪಾಟುಗಳ ಬೀಗದ ಕೈ ಕೆಲವು ವರ್ಷಗಳಿಂದ ನಮ್ಮ ವಶದಲ್ಲಿಯೇ ಇರುವುದರಿಂದ, ಆ ರಾತ್ರಿ ಲೋಕಲ್ ಗಾಡಿಯಲ್ಲಿ ನಿಂತು ಮನೆಗೆ ಮರಳುವಾಗ ಆ ನಗೆಯನ್ನು ಕುರಿತು ಸ್ವಲ್ಪ ಯೋಚಿಸಬೇಕಾಯಿತು.

ಈ ವೇಷವು ನಮ್ಮ ಹುಡುಗರು ಹೊಸದಾಗಿ ಕಂಡುಹಿಡಿದುದಲ್ಲ. ಗ್ರಂಥಪಾಲನೆಂದರೆ ನಗಲಿಕ್ಕೊಂದು ಪಾತ್ರವೆಂಬ ಭಾವನೆ ದೇಶದೇಶಗಳಲ್ಲಿ ಹರಡಿದೆ. 1946ರಲ್ಲಿ ಅಮೇರಿಕೆಯಲ್ಲಿ ತೆರೆಕಂಡ ಇಟ್ಸ್ ಎ ವಂಡರ್‌ಫುಲ್ ಲೈಫ್ ಎಂಬ ಪ್ರಸಿದ್ಧ ಚಲಚ್ಚಿತ್ರದಲ್ಲಿ, ತಾನು ಹುಟ್ಟದೇ ಇದ್ದಿದ್ದರೆ ಲೋಕವು ಹೇಗಿರುತ್ತಿತ್ತೆಂಬುದನ್ನು ಕಥಾನಾಯಕನು ಕಾಣುತ್ತಾನೆ. ಆ ಲೋಕದಲ್ಲಿ ಅವನ ಪತ್ನಿಗೆ ಒದಗಿದ ಘೋರ ವಿಪತ್ತು ಯಾವುದು? ಮದುವೆಯಿಲ್ಲದೆ, ಕನ್ನಡಕ ಧರಿಸಿ, ಗ್ರಂಥಾಲಯದಲ್ಲಿ ಕೆಲಸಕ್ಕಿರುವುದು! ಇಂಗ್ಲೆಂಡಿನ ವಿನೋದ ಲೇಖಕ ಟೆರ್ರಿ ಪ್ರ್ಯಾಚೆಟ್ಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಕಾದಂಬರಿಗಳ ಗ್ರಂಥಪಾಲನನ್ನು ಮಂತ್ರದ ಪ್ರಭಾವದಿಂದ ಒರಾಂಗುಟಾನ್ ವಾನರನನ್ನಾಗಿ ಮಾಡಿಬಿಟ್ಟರು. ಆ ವಾನರನು ಮರಳಿ ಮನುಷ್ಯನಾಗಲು ಒಲ್ಲೆನೆನ್ನುತ್ತಾನೆ. ಎತ್ತರದ ಕಪಾಟುಗಳನ್ನು ಏರುವುದಕ್ಕೆ ಉದ್ದ ತೋಳುಗಳೇ ಅನುಕೂಲವಂತೆ. ಈ ಎರಡನೆಯ ನಗೆ ನಮಗೆ ಹಿಡಿಸಿತು, ಅದರಲ್ಲಿ ಪ್ರೀತಿಯಿದೆ.

ಇಂಥ ನಗೆಯನ್ನು ಕಥೆಯಲ್ಲಲ್ಲ, ಬಾಳಿನಲ್ಲಿಯೇ ಉಂಡ ಗ್ರಂಥಪಾಲರೊಬ್ಬರಿದ್ದರು. ಅವರೇ ಅರ್ಜೆಂಟೀನಾ ದೇಶದ ಮಹಾಲೇಖಕ ಹೋರ್ಹೆ ಲೂಯಿಸ್ ಬೋರ್ಹೆಸ್. ಅವರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕೆಂದು ಆ ರಾತ್ರಿಯೇ ನಿಶ್ಚಯಿಸಿದೆವು.

ಬೋರ್ಹೆಸರು 1899ನೆಯ ಇಸವಿ ಆಗಸ್ಟ್ 24ರಂದು ಬ್ಯೂನಸ್ ಐರಿಸ್ ನಗರದಲ್ಲಿ ಜನಿಸಿದರು. ತಂದೆ ವಕೀಲರು, ಮನಶ್ಶಾಸ್ತ್ರದ ಅಧ್ಯಾಪಕರು. ತಂದೆಯ ತಾಯಿ ಇಂಗ್ಲಿಷ್ ಹೆಂಗಸಾದುದರಿಂದ ಮನೆಯಲ್ಲಿ ಸ್ಪ್ಯಾನಿಷ್, ಇಂಗ್ಲಿಷ್ ಎರಡೂ ಭಾಷೆಗಳು ಬಳಕೆಯಲ್ಲಿದ್ದವು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಪೇಟೆಯಲ್ಲಿ ಮತ್ತೊಂದು ಆಡುವ ನಮ್ಮ ಮುಂಬಯಿಯ ಮಕ್ಕಳಿಗೆ ಇದು ಸೋಜಿಗವೆನಿಸಲಾರದು. ತಂದೆಯ ಪುಸ್ತಕಸಂಗ್ರಹವು ದೊಡ್ಡದು. ತಮ್ಮ ಬಾಳಿನ ಮುಖ್ಯ ಘಟನೆ ಯಾವುದೆಂದು ಯಾರಾದರೂ ಕೇಳಿದರೆ ಆ ಪುಸ್ತಕಸಂಗ್ರಹವನ್ನೇ ಹೆಸರಿಸಬೇಕಾದೀತೆಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಸ್ಪ್ಯಾನಿಷ್ ಭಾಷೆಯ ಮೇರುಕೃತಿಯಾದ ಡಾನ್ ಕ್ವಿಕ್ಸೋಟನ್ನು ಸಹ ಮೊದಲು ಓದಿದ್ದು ಇಂಗ್ಲಿಷಿನಲ್ಲಿಯೇ. ಒಂಬತ್ತರ ಪ್ರಾಯದ ಸುಮಾರಿಗೆ ಆಸ್ಕರ್ ವೈಲ್ಡನ ಒಂದು ಕಥೆಯನ್ನು ಅನುವಾದಿಸಿದಾಗ, ಅದನ್ನು ಪತ್ರಿಕೆಯಲ್ಲಿ ಕಂಡವರು ತಂದೆಯೇ ಮಾಡಿದ ಅನುವಾದವೆಂದು ತಿಳಿದರು. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗನ ಕಥೆಗಳೆಂದರೆ ಅವರಿಗೆ ಕಡೆಯ ತನಕ ಅಚ್ಚುಮೆಚ್ಚು.

ಆದರೆ ಆ ಮನೆತನಕ್ಕೆ ಒಂದು ಶಾಪವಿದ್ದಿತು. ತಂದೆಯವರ ದೃಷ್ಟಿ ವರ್ಷವರ್ಷಕ್ಕೆ ಮಂದವಾಗುತ್ತ ನಡೆದಿತ್ತು. ಚಿಕಿತ್ಸೆಗೆಂದು 1914ರಲ್ಲಿ ಕುಟುಂಬವೆಲ್ಲ ಯುರೋಪಿಗೆ ಹೋಗಿ, ಯುದ್ಧದ ದೆಸೆಯಿಂದ ಜಿನೀವಾದಲ್ಲಿ ನಿಲ್ಲಬೇಕಾಯಿತು. 1921ರಲ್ಲಿ ತಾಯ್ನಾಡಿಗೆ ಮರಳಿದ ತರುಣ ಬೋರ್ಹೆಸರು ಕವಿತೆಗಳನ್ನೂ ಪ್ರಬಂಧಗಳನ್ನೂ ಬರೆದರು. ಹೆಸರು ಬಂತು, ಹಣ ಬರಲಿಲ್ಲ. ಅವರ ಬರವಣಿಗೆಯಲ್ಲಿ ತುಂಟತನ ಆಗಲೇ ತಲೆದೋರಿತ್ತು. 1936ರಲ್ಲಿ ಅವರು ಪ್ರಕಟಿಸಿದ ಒಂದು ಪುಸ್ತಕವಿಮರ್ಶೆಗೆ ವಸ್ತುವಾದದ್ದು ನಮ್ಮ ಮುಂಬಯಿಯ ವಕೀಲನೊಬ್ಬನು ಬರೆದನೆಂಬ ಕಾದಂಬರಿ. ವಿಮರ್ಶೆಯನ್ನು ಓದಿ ಅವರ ಮಿತ್ರರೊಬ್ಬರು ಆ ಕಾದಂಬರಿಗಾಗಿ ಲಂಡನ್ನಿಗೆ ಬೇಡಿಕೆ ಕಳಿಸಿದರು. ಪುಸ್ತಕ ಬರುವುದೆಲ್ಲಿಂದ? ಅಂಥ ವಕೀಲನೂ ಇರಲಿಲ್ಲ, ಅಂಥ ಕಾದಂಬರಿಯೂ ಇರಲಿಲ್ಲ! ಎರಡೂ ಬೋರ್ಹೆಸರ ಸೃಷ್ಟಿಯೇ.

ತಂದೆಯವರ ಆರೋಗ್ಯ ಕೆಟ್ಟು ಮನೆಯ ಭಾರ ಹೆಗಲಿಗೆ ಬಂದಾಗ, ಮೂವತ್ತೆಂಟರ ಪ್ರಾಯದಲ್ಲಿ, ಅವರು ಮೊಟ್ಟಮೊದಲ ಬಾರಿಗೆ ಕಾಯಂ ನೌಕರಿ ಹಿಡಿದರು. ನಗರಸಭೆಯ ಮಿಗೆಲ್ ಕಾನೆ ಗ್ರಂಥಾಲಯದಲ್ಲಿ ಸಹಾಯಕನ ಹುದ್ದೆ ಅದು. ಊರ ಅಂಚಿನ ಬೇಸರದ ಬಡಾವಣೆ, ಅಲ್ಪ ಸಂಬಳ. ಹದಿನೈದು ಜನ ಮಾಡಬಹುದಾದ ಕೆಲಸಕ್ಕೆ ಅಲ್ಲಿ ಐವತ್ತು ಜನರಿದ್ದರು. ಇದ್ದ ಪುಸ್ತಕಗಳು ಎಷ್ಟು ಕಡಿಮೆಯೆಂದರೆ ಸೂಚಿಯ ನೆರವಿಲ್ಲದೆಯೇ ಕೈಗೆ ಸಿಕ್ಕುತ್ತಿದ್ದವು. ಆದರೂ ಸೂಚಿ ತಯಾರಿಸುವ ಕೆಲಸ ಬಿಡದೆ ನಡೆದಿತ್ತು. ಮೊದಲನೆಯ ದಿನ ಬೋರ್ಹೆಸರು ಪ್ರಾಮಾಣಿಕವಾಗಿ ದುಡಿದು ನಾನೂರು ಪುಸ್ತಕಗಳನ್ನು ಸೂಚಿಗೆ ಸೇರಿಸಿದರು. ಮರುದಿನ ಸಹೋದ್ಯೋಗಿಗಳು ಅವರನ್ನು ಬದಿಗೆ ಕರೆದು ಗದರಿಸಿದರು. ತಾವು ನೂರು ಮಾಡುವಲ್ಲಿ ಹೊಸಬನು ನಾನೂರು ಮಾಡಿದರೆ ಎಲ್ಲರ ಹೊಟ್ಟೆಯ ಮೇಲೆ ಕಲ್ಲು ಬೀಳುವುದೆಂದು ಅವರ ವಾದ. ಕಡೆಗೆ ಒಂದು ದಿನ 83, ಮರುದಿನ 90, ಅದರ ಮರುದಿನ 104 ಎಂದು, ಸಂಶಯ ಬಾರದಂತೆ ಹೆಚ್ಚುಕಡಿಮೆ ಮಾಡಿ ದಾಖಲಿಸಬೇಕೆಂದು ತೀರ್ಮಾನವಾಯಿತು.

ನಮ್ಮ ಹುಡುಗರ ಪ್ರಹಸನದ ಗ್ರಂಥಪಾಲನು ಸಾಕ್ಷಾತ್ತಾಗಿ ಇಲ್ಲಿಯೇ ಕುಳಿತಿದ್ದನೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ಕಾಲ್ಚೆಂಡಾಟ, ಕುದುರೆಜೂಜು, ಪೋಲಿ ಮಾತು, ಇವೇ ಅಲ್ಲಿಯ ದಿನಚರಿ. ಒಂದು ಸಲ ಸಹೋದ್ಯೋಗಿಯೊಬ್ಬನು ವಿಶ್ವಕೋಶವನ್ನು ತಿರುವಿಹಾಕುತ್ತಿದ್ದಾಗ ಅದರಲ್ಲಿ ಹೋರ್ಹೆ ಲೂಯಿಸ್ ಬೋರ್ಹೆಸ್ ಎಂಬ ಲೇಖಕನ ಹೆಸರು ಕಣ್ಣಿಗೆ ಬಿತ್ತು. ಹೆಸರಷ್ಟೇ ಅಲ್ಲದೆ ಹುಟ್ಟಿದ ದಿನವೂ ತಮ್ಮ ಗುಮಾಸ್ತನದರೊಡನೆ ಹೊಂದುವುದನ್ನು ಕಂಡು ಅವನು ಬೆರಗಾದನು. ಇಬ್ಬರೂ ಒಬ್ಬರೇ ಇರಬಹುದೆಂಬ ಕಲ್ಪನೆ ಮಾತ್ರ ಅವನ ತಲೆಗೆ ಹೊಳೆಯಲೇ ಇಲ್ಲ! ಬೋರ್ಹೆಸರು ಈ ಸಂಗತಿಯನ್ನು ಮುಂದೆ ನಗುನಗುತ್ತ ಹೇಳುತ್ತಿದ್ದರು. ಆದರೆ ಆ ದಿನಗಳಲ್ಲಿ ಸಂಜೆ ಟ್ರಾಮಿನ ನಿಲ್ದಾಣಕ್ಕೆ ನಡೆದುಹೋಗುವಾಗ ಅವರ ಕಣ್ಣು ತುಂಬಿಬಂದದ್ದುಂಟು. ಅದನ್ನೂ ಅವರು ಮುಚ್ಚಿಟ್ಟಿಲ್ಲ.

ದಿನದ ಪಾಲಿನ ಕೆಲಸವು ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಉಳಿದ ಐದು ಗಂಟೆ ಅವರು ನೆಲಮಾಳಿಗೆಗೆ ಜಾರಿ ಓದುತ್ತಿದ್ದರು, ಬರೆಯುತ್ತಿದ್ದರು. ಹೋಗುತ್ತ ಬರುತ್ತ ಟ್ರಾಮಿನಲ್ಲಿ ದಾಂತೆಯ ಮಹಾಕಾವ್ಯವನ್ನು ಇಟಾಲಿಯನ್ ಮೂಲದಲ್ಲಿಯೇ ಓದಿ ಮುಗಿಸಿದರು. (ನಮ್ಮ ಮುಂಬಯಿಯಲ್ಲಿಯೂ 1964ರ ವರೆಗೆ ಟ್ರಾಮುಗಳು ಓಡಾಡುತ್ತಿದ್ದವು. ಈಗ ಟ್ರಾಮು ಇಲ್ಲವೆಂಬ ನೆಪ ಮಾತ್ರ ಯಾರೂ ಹೇಳಬಾರದು, ಲೋಕಲ್ ಗಾಡಿಯಿದೆ.) 1938ರ ಕ್ರಿಸ್ಮಸ್ ಹಿಂದಿನ ದಿನ ಮೆಟ್ಟಿಲೇರುವಾಗ ತೆರೆದ ಕಿಟಕಿಗೆ ತಲೆ ತಾಗಿ ಗಾಯವಾಯಿತು, ರಕ್ತ ನಂಜೇರಿ ಕೆಲವು ದಿನ ಜೀವ ಉಳಿಯುವುದೇ ಸಂಶಯವಾಗಿತ್ತು. ಗುಣಮುಖರಾದ ಮೇಲೆ, ಬುದ್ಧಿಗೆ ಊನ ಬಂದಿದೆಯೋ ಏನೋ ಎಂಬ ಅಂಜಿಕೆಯಿಂದ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದಕ್ಕೆಂದು ಹೊಸ ಬಗೆಯ ಕಥೆಯೊಂದನ್ನು ಬರೆದರು. ಅವರ ಜಗತ್ಪ್ರಸಿದ್ಧ ಕಥೆಗಳು ಆರಂಭವಾದುದು ಹೀಗೆ.

1941ರಲ್ಲಿ ಪ್ರಕಟವಾದ ಬೇಬಲ್‌ನ ಗ್ರಂಥಾಲಯ ಎಂಬ ಕಥೆಯು ಅವುಗಳಲ್ಲಿ ಒಂದು. ಅದರಲ್ಲಿ ವಿಶ್ವವೆಂದರೇ ಒಂದು ಗ್ರಂಥಾಲಯ. ಆರು ಮೂಲೆಯ ಕೋಣೆಗಳು, ಒಂದರ ಮಗ್ಗುಲಲ್ಲಿ ಇನ್ನೊಂದು, ಮೇಲೆ ಕೆಳಗೆ ಕೊನೆಯೇ ಇಲ್ಲದಂತೆ ಹಬ್ಬಿವೆ. ಪ್ರತಿ ಪುಸ್ತಕಕ್ಕೆ 410 ಪುಟ, ಪುಟಕ್ಕೆ 40 ಸಾಲು. ಕೇವಲ 25 ಚಿಹ್ನೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೋ ಅಷ್ಟೂ ಪುಸ್ತಕಗಳು ಅಲ್ಲಿವೆ. ಎಂದ ಮೇಲೆ, ಹಿಂದೆ ಬರೆದುದು, ಮುಂದೆ ಬರೆಯಬಹುದಾದುದು, ನಿಜವಾದುದು, ಸುಳ್ಳಾದುದು, ಎಲ್ಲವೂ ಅಲ್ಲಿ ಎಲ್ಲಿಯೋ ಇರಲೇಬೇಕು. ನಮ್ಮ ವಿದ್ಯಾರ್ಥಿಗಳ ವಾರ್ಷಿಕ ಪರೀಕ್ಷೆಯ ಉತ್ತರಗಳು ಸಹ, ತಪ್ಪುಗಳ ಸಮೇತ, ಆ ಚಿಹ್ನೆಗಳಲ್ಲಿ ಅಲ್ಲಿ ಸಿಕ್ಕಾವು! ಆದರೆ ಬೇಕಾದ ಪುಸ್ತಕವನ್ನು ಹುಡುಕಿ ತೆಗೆಯುವ ಬಗೆ ಯಾರಿಗೂ ತಿಳಿಯದು. ಅರ್ಥವಿಲ್ಲದ ಪುಸ್ತಕಗಳ ರಾಶಿಯಲ್ಲಿ ಗ್ರಂಥಪಾಲರು ಅಲೆದಲೆದು ಮುಪ್ಪಾಗುತ್ತಾರೆ. ಪಂಡಿತರು ಆ ಕಥೆಯಲ್ಲಿಯ ಕಪಾಟುಗಳ ಮತ್ತು ಪುಸ್ತಕಗಳ ಸಂಖ್ಯೆಗೆ ಗೂಢಾರ್ಥಗಳನ್ನು ಕಟ್ಟಿದರು. ಬೋರ್ಹೆಸರೋ, ಮಿಗೆಲ್ ಕಾನೆ ಗ್ರಂಥಾಲಯದಲ್ಲಿ ತಮ್ಮ ಮೊಣಕೈಯ ಪಕ್ಕದಲ್ಲಿದ್ದ ಕಪಾಟುಗಳನ್ನು ಎಣಿಸಿ ಬರೆದೆನೆಂದು ತಿಳಿಸಿಬಿಟ್ಟರು. ಯಾವ ಕೋಣೆಯಲ್ಲಿ ಅವರು ಅವಮಾನವನ್ನು ನುಂಗಿಕೊಂಡು ಕುಳಿತಿದ್ದರೋ, ಅದೇ ಕೋಣೆ ಅವರ ಕೈಯಲ್ಲಿ ಬ್ರಹ್ಮಾಂಡವಾಯಿತು.

1946ರಲ್ಲಿ ಪೆರೋನ್ ಎಂಬ ಸೇನಾಧಿಕಾರಿಯು ಚುನಾವಣೆಯಲ್ಲಿ ಗೆದ್ದು ರಾಷ್ಟ್ರಾಧ್ಯಕ್ಷನಾದನು. ಬೋರ್ಹೆಸರು ಹಿಟ್ಲರನ ವಿರುದ್ಧವೂ ಪೆರೋನನ ವಿರುದ್ಧವೂ ಬಹಿರಂಗವಾಗಿ ನಿಂತಿದ್ದವರು. ಸ್ವಲ್ಪ ದಿನಗಳಲ್ಲಿಯೇ ಅವರಿಗೆ ಬಡತಿಯ ಸುದ್ದಿ ತಲುಪಿತು. ಯಾವ ಹುದ್ದೆಗೆ? ಪೇಟೆಯಲ್ಲಿ ಮಾರಾಟವಾಗುವ ಕೋಳಿಗಳ ಮತ್ತು ಮೊಲಗಳ ತನಿಖೆದಾರನ ಹುದ್ದೆಗೆ! ಅವರು ಕಚೇರಿಗೆ ಹೋಗಿ, ಇಷ್ಟು ಜನರಲ್ಲಿ ಈ ಕೆಲಸಕ್ಕೆ ನನ್ನನ್ನೇ ಏಕೆ ಆರಿಸಿದಿರೆಂದು ವಿಚಾರಿಸಿದರು. ಯುದ್ಧದಲ್ಲಿ ಮಿತ್ರರಾಷ್ಟ್ರಗಳ ಪಕ್ಷ ವಹಿಸಿದವರು ಇನ್ನೇನನ್ನು ನಿರೀಕ್ಷಿಸಬಲ್ಲರೆಂದು ಅಲ್ಲಿಯವನು ಮರುಪ್ರಶ್ನೆ ಹಾಕಿದನು. ಅವರು ಮರುದಿನವೇ ರಾಜೀನಾಮೆಯಿತ್ತರು.

ಇದೂ ನಗೆಯೇ. ಆದರೆ ಆಳುವವರು ನೌಕರನನ್ನು ನೋಡಿ ನಕ್ಕ ನಗೆ ಇದು. ವೇದಿಕೆಯ ಮೇಲೆ ಕನ್ನಡಕ ಜಾರಿಸಿಕೊಂಡು ನಗಿಸುವ ಹುಡುಗನನ್ನು ಈ ಜನರೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸಲು ನಮಗೆ ಮನಸ್ಸು ಬಾರದು. ಪುಸ್ತಕ ಕಾಯುವವನೂ ಕೋಳಿ ಎಣಿಸುವವನೂ ಒಂದೇ ಎಂದು ಊರಿಗೆಲ್ಲ ಸಾರುವುದೇ ಆ ಆಜ್ಞೆಯ ಉದ್ದೇಶ. ಕೋಳಿ ಎಣಿಸುವುದು ಹೀನ ಕೆಲಸವೇನೂ ಅಲ್ಲ. ನಮ್ಮ ಹಳ್ಳಿಯ ಮನೆಗಳಲ್ಲಿ ಅದನ್ನು ಮಾಡಿಯೇ ದೊಡ್ಡವರಾದವರು ನಾವು. ಒಬ್ಬನ ಬಾಯಿ ಮುಚ್ಚಿಸುವುದಕ್ಕಾಗಿ ಅದನ್ನು ಬಳಸಿದ್ದೇ ಹೀನ.

ಬಾಯಿ ಮುಚ್ಚಲಿಲ್ಲವೆಂಬುದು ಮುಂದಿನ ಸೋಜಿಗ. ಬೋರ್ಹೆಸರು ನಾಚಿಕೆಯ ಸ್ವಭಾವದವರು. ಸಭೆಯಲ್ಲಿ ಮಾತನಾಡಲು ಅಳುಕುತ್ತಿದ್ದರು. ನೌಕರಿ ಹೋಗಿ ಹೊಟ್ಟೆಪಾಡಿಗೆ ಬೇರೆ ದಾರಿಯಿಲ್ಲದಾಗ, ನಲವತ್ತೇಳರ ಪ್ರಾಯದಲ್ಲಿ ಉಪನ್ಯಾಸಕರಾದರು. ಊರಿಂದೂರಿಗೆ ಹೋಗಿ ಕವಿಗಳ ಮೇಲೆ, ಧರ್ಮಗಳ ಮೇಲೆ, ಬುದ್ಧನ ಮೇಲೆ ಸಹ ಮಾತನಾಡಿದರು. 1948ರಲ್ಲಿ ಅವರ ವೃದ್ಧ ತಾಯಿಯನ್ನು ಒಂದು ತಿಂಗಳು ಗೃಹಬಂಧನದಲ್ಲಿಟ್ಟರು, ತಂಗಿಯನ್ನು ಸೆರೆಮನೆಗೆ ಕಳಿಸಿದರು. ಆದರೂ 1950ರಲ್ಲಿ ಅವರು ಅರ್ಜೆಂಟೀನಾದ ಲೇಖಕರ ಸಂಘದ ಅಧ್ಯಕ್ಷಸ್ಥಾನವನ್ನು ವಹಿಸಿಕೊಂಡರು.

1955ರಲ್ಲಿ ಪೆರೋನನ ಸರಕಾರ ಉರುಳಿತು. 1924ರಲ್ಲಿ ನಮ್ಮ ರವೀಂದ್ರನಾಥ ಠಾಕೂರರನ್ನು ಅತಿಥಿಯಾಗಿ ಸತ್ಕರಿಸಿದ್ದ ವಿಕ್ಟೋರಿಯಾ ಒಕಾಂಪೊ ಮೊದಲಾದ ಮಿತ್ರರು, ಬೋರ್ಹೆಸರನ್ನು ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರನ್ನಾಗಿ ನೇಮಿಸಬೇಕೆಂದು ಸೂಚಿಸಿದರು. ಯಾವುದಾದರೊಂದು ಸಣ್ಣ ಊರಿನ ಗ್ರಂಥಾಲಯ ದೊರೆತರೆ ಸಾಕೆಂದುಕೊಂಡಿದ್ದ ಅವರಿಗೆ ಇದು ಹುಚ್ಚು ಮಾತೆನಿಸಿತು. ಒಂದು ಸಂಜೆ ತಾಯಿಯೊಡನೆ ಆ ಕಟ್ಟಡದ ವರೆಗೆ ನಡೆದುಹೋದರು. ಒಳಗೆ ಹೆಜ್ಜೆಯಿಟ್ಟರೆ ಎಲ್ಲಿ ಅಪಶಕುನವಾದೀತೋ ಎಂದು ಹೊರಗಿನಿಂದಲೇ ನೋಡಿ ಮರಳಿದರು. ನೇಮಕವಾಯಿತು.

ಆ ವೇಳೆಗೆ ತಂದೆಯ ಮನೆತನದ ಶಾಪವು ಮಗನಿಗೂ ತಟ್ಟಿತ್ತು. ಎಂಟೊಂಬತ್ತು ಲಕ್ಷ ಪುಸ್ತಕಗಳು ಅವರ ಸ್ವಾಧೀನಕ್ಕೆ ಬಂದಾಗ, ಬೆನ್ನುಗಳ ಮೇಲಿನ ಹೆಸರುಗಳಾಚೆ ಏನನ್ನೂ ಓದಲಾರದ ಸ್ಥಿತಿ ಅವರದು. ದೇವರು ಒಂದು ಕೈಯಿಂದ ಪುಸ್ತಕಗಳನ್ನೂ ಇನ್ನೊಂದು ಕೈಯಿಂದ ಕತ್ತಲೆಯನ್ನೂ ಕೊಟ್ಟನೆಂಬ ಅರ್ಥದ ಕವಿತೆಯೊಂದನ್ನು ಅವರು ಬರೆದರು. ಅದರಲ್ಲಿ ದೂರಿಲ್ಲ, ಕಹಿಯಿಲ್ಲ. ಅವರಿಗೂ ಹಿಂದೆ ಆ ಪದವಿಯಲ್ಲಿದ್ದ ಪಾಲ್ ಗ್ರೂಸಾಕ್ ಮತ್ತು ಹೊಸೆ ಮಾರ್ಮೊಲ್ ಎಂಬವರೂ ದೃಷ್ಟಿ ಕಳೆದುಕೊಂಡವರೇ ಆಗಿದ್ದರೆಂಬುದು ಇನ್ನೊಂದು ವಿಚಿತ್ರ. ಕಟ್ಟಡದ ಕಥೆಯೂ ಸ್ವಾರಸ್ಯವಾದುದೇ: ಅದನ್ನು ಮೊದಲು ಕಟ್ಟಿಸತೊಡಗಿದ್ದು ಲಾಟರಿಯ ಕಚೇರಿಗಾಗಿ!

ಕಣ್ಣಿಲ್ಲದ ಗ್ರಂಥಪಾಲನೆಂದು ನಗುವವರು ಆಗಲೂ ಇದ್ದಿರಬೇಕು. ಆಡಳಿತದ ಹೊರೆಯನ್ನು ಅವರ ಸಹಾಯಕ ನಿರ್ದೇಶಕರು ಹೊತ್ತರು. ತಾಯಿ ಓದಿ ಹೇಳಿದರು, ಹೇಳಿದ್ದನ್ನು ಬರೆದುಕೊಂಡರು. ಬೋರ್ಹೆಸರು ಗ್ರಂಥಾಲಯದಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಸಾವಿರ ವರ್ಷದ ಹಿಂದಿನ ಪ್ರಾಚೀನ ಇಂಗ್ಲಿಷನ್ನು ಅರವತ್ತರ ಹತ್ತಿರದ ವಯಸ್ಸಿನಲ್ಲಿ ಕಿವಿಯಿಂದಲೇ ಕಲಿಯತೊಡಗಿದರು. 1961ರಲ್ಲಿ ಐರ್ಲೆಂಡಿನ ಬೆಕೆಟ್ಟರೊಡನೆ ಅಂತರರಾಷ್ಟ್ರೀಯ ಪಾರಿತೋಷಕವೊಂದನ್ನು ಹಂಚಿಕೊಂಡ ಮೇಲೆ ಕೀರ್ತಿಯು ಎಲ್ಲೆಡೆ ಹರಡಿತು. ನೊಬೆಲ್ ಪಾರಿತೋಷಕ ಮಾತ್ರ ಬರಲಿಲ್ಲ. 1973ರಲ್ಲಿ ಪೆರೋನನ ಪಕ್ಷವು ಮತ್ತೆ ಅಧಿಕಾರಕ್ಕೆ ಬಂದಾಗ, ಇನ್ನೊಂದು ಕೋಳಿಯ ಆಜ್ಞೆಗೆ ಕಾಯದೆ ತಾವಾಗಿ ಪದವಿಯನ್ನು ಬಿಟ್ಟರು. ತಾಯಿ 1975ರಲ್ಲಿ, ತೊಂಬತ್ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಅವರ ರಾಜಕೀಯ ಅಭಿಪ್ರಾಯಗಳೆಲ್ಲ ಸರಿಯಾಗಿದ್ದವೆಂದು ನಾವು ಹೇಳೆವು. 1976ರಲ್ಲಿ ಸೈನಿಕರು ಅಧಿಕಾರ ಹಿಡಿದಾಗ ಮೊದಲು ಸ್ವಾಗತಿಸಿದರು. ತಪ್ಪಿನ ಅರಿವಾದ ಮೇಲೆ, ಕಾಣೆಯಾದವರ ಪರವಾಗಿ ದನಿಯೆತ್ತಿದರು.

ಅವರ ಮೇಲಿನ ಕಡೆಯ ವಿನೋದವು ಒಬ್ಬ ಅಭಿಮಾನಿಯದು. 1980ರಲ್ಲಿ ಇಟಲಿಯ ಉಂಬರ್ಟೊ ಎಕೊ ಅವರು ಗುಲಾಬಿಯ ಹೆಸರು ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದರಲ್ಲಿ ಒಂದು ಮಠ, ಮಠದಲ್ಲಿ ಚಕ್ರವ್ಯೂಹದಂಥ ಗ್ರಂಥಾಲಯ, ಅದನ್ನು ಮರೆಯಲ್ಲಿದ್ದು ಆಳುವ ಒಬ್ಬ ಅಂಧ ವೃದ್ಧ ಸನ್ಯಾಸಿ; ಹೆಸರು ಬುರ್ಗೋಸಿನ ಹೋರ್ಹೆ. ಗ್ರಂಥಾಲಯ, ಕುರುಡುತನ ಎರಡೂ ಕೂಡಿದಲ್ಲಿ ಬೋರ್ಹೆಸರ ನೆನಪು ಅನಿವಾರ್ಯವೆಂದು ಎಕೊ ಒಪ್ಪಿಕೊಂಡಿದ್ದಾರೆ. ಆದರೆ ಆ ಸನ್ಯಾಸಿಯು ನಗೆಯ ಪರಮವೈರಿ. ಹಾಸ್ಯವನ್ನು ಕುರಿತ ಒಂದು ಪ್ರಾಚೀನ ಗ್ರಂಥವು ಯಾರ ಕಣ್ಣಿಗೂ ಬೀಳಬಾರದೆಂದು ಅದರ ಪುಟಗಳಿಗೆ ವಿಷ ಸವರುತ್ತಾನೆ. ಇಲ್ಲದ ಪುಸ್ತಕಕ್ಕೆ ವಿಮರ್ಶೆ ಬರೆದು ಗೆಳೆಯರನ್ನು ಮೋಸಗೊಳಿಸಿ ನಕ್ಕವರಿಗೆ ಈ ವೇಷವೇ! ಆ ಕಾದಂಬರಿಯು 1986ರಲ್ಲಿ ಚಲಚ್ಚಿತ್ರವಾಗಿ ತೆರೆಗೆ ಬಂತು. ಅದೇ ವರ್ಷ ಜೂನ್ 14ರಂದು, ಬಾಲ್ಯದಲ್ಲಿ ಕೆಲವು ಕಾಲ ಕಳೆದ ಜಿನೀವಾ ನಗರದಲ್ಲಿ ಬೋರ್ಹೆಸರು ಕಣ್ಣುಮುಚ್ಚಿದ್ದರು. ಸಮಾಧಿಯೂ ಅಲ್ಲಿಯೇ ಇದೆ.

ರಾಷ್ಟ್ರೀಯ ಗ್ರಂಥಾಲಯವು 1992ರಲ್ಲಿ ಹೊಸ ಕಟ್ಟಡಕ್ಕೆ ಬಂದಿತು. ನಿರ್ದೇಶಕರಾಗಿದ್ದಾಗ ಬೋರ್ಹೆಸರು ಅಲ್ಲಿಯೇ ಬಿಟ್ಟುಹೋಗಿದ್ದ ಅವರ ಸ್ವಂತ ಪುಸ್ತಕಗಳನ್ನು ಅಲ್ಲಿಯ ಸಿಬ್ಬಂದಿಯವರು ಕಪಾಟುಗಳ ರಾಶಿಯಲ್ಲಿ ಒಂದೊಂದಾಗಿ ಹುಡುಕಿ ತೆಗೆದರು. ಹಾಳೆಗಳ ಕೊನೆಯಲ್ಲಿ ದೃಷ್ಟಿಯಿದ್ದ ದಿನಗಳ ಸಣ್ಣ ಅಕ್ಷರದ ಟಿಪ್ಪಣಿಗಳಿದ್ದವು. 2010ರಲ್ಲಿ ಗ್ರಂಥಾಲಯವು ಅವುಗಳ ಸೂಚಿಯನ್ನು ಪುಸ್ತಕವಾಗಿ ಪ್ರಕಟಿಸಿತು. ಇದನ್ನೋದಿ, ನಮ್ಮ ಕಪಾಟಿನ ಪುಸ್ತಕಗಳಲ್ಲಿ ಪೆನ್ಸಿಲಿನಿಂದ ಮೀಸೆ ಬಿಡಿಸುವ ಮಹನೀಯರು ಬೋರ್ಹೆಸರ ಹೆಸರು ಹೇಳಿ ಪಾರಾಗಲು ನೋಡಬಹುದು. ಅವರು ಬರೆದದ್ದು ತಮ್ಮ ಸ್ವಂತ ಪುಸ್ತಕಗಳಲ್ಲಿ. ಬೀಗದ ಕೈ ಇನ್ನೂ ನಮ್ಮ ಹತ್ತಿರವೇ ಇದೆ.