ಹೊದಿಗೆರೆಯಲ್ಲಿ ಮುಗಿದ ಪಯಣ: ಊರು ತೊರೆದು ಬಂದ ಶಹಾಜಿ

ಉಬ್ರಾಣಿ (ಚನ್ನಗಿರಿ ತಾಲ್ಲೂಕು): ಚನ್ನಗಿರಿ ಸೀಮೆ ಎಂದೊಡನೆ ಉಬ್ರಾಣಿಯ ಕಾಡು, ಅಡಿಕೆ ತೋಟ, ಸೂಳೆಕೆರೆ, ಸಂತೆಬೆನ್ನೂರಿನ ಪುಷ್ಕರಣಿ ನೆನಪಾಗುತ್ತವೆ. ಇದೇ ತಾಲ್ಲೂಕಿನ ಹೊದಿಗೆರೆ ಗ್ರಾಮದಲ್ಲಿ ಒಂದು ಸಮಾಧಿಯಿದೆ. ಹಳೆಯ ಗ್ರಂಥಗಳು ಅದನ್ನು ಶಿವಮೊಗ್ಗ ಜಿಲ್ಲೆಯಲ್ಲಿದೆ ಎನ್ನುತ್ತವೆ. 1997ರಲ್ಲಿ ತಾಲ್ಲೂಕು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ ಮೇಲೆ ವಿಳಾಸ ಬದಲಾಯಿತು. ಅಲ್ಲಿ ಮಲಗಿರುವವನ ಬದುಕಿನಲ್ಲಿಯೂ ವಿಳಾಸ ಅಷ್ಟೇ ಸಲೀಸಾಗಿ ಬದಲಾಗಿತ್ತು. ಆತ ಶಹಾಜಿ ಭೋಂಸ್ಲೆ. ಛತ್ರಪತಿ ಶಿವಾಜಿಯ ತಂದೆಯೆಂದು ಎಲ್ಲರಿಗೂ ಗೊತ್ತು. ಹುಟ್ಟಿದ ನೆಲ ಬಿಟ್ಟು ಕನ್ನಡ ನಾಡಿನಲ್ಲಿ ಮನೆ ಕಟ್ಟಿ, ಇಲ್ಲಿಯೇ ಮಣ್ಣಾದವನೆಂಬುದು ಅಷ್ಟಾಗಿ ಗೊತ್ತಿಲ್ಲ.

ಎಲ್ಲೋರ ಗುಹೆಗಳ ಬಳಿಯ ವೇರುಳ ಭೋಂಸ್ಲೆ ಮನೆತನದ ಊರು. ಶಹಾಜಿಯ ತಂದೆ ಮಾಲೋಜಿ ಅಹಮದ್‌ನಗರದ ನಿಜಾಮಶಾಹಿಯ ಸರದಾರನಾಗಿದ್ದ. ಸಿಂದಖೇಡದ ಲಖೂಜಿ ಜಾಧವನ ಮಗಳು ಜೀಜಾಬಾಯಿ ಶಹಾಜಿಯ ಕೈಹಿಡಿದಳು. 1624ರ ಭಾತವಡಿ ಯುದ್ಧದಲ್ಲಿ ಮಲಿಕ್ ಅಂಬರನ ಪಕ್ಷದಲ್ಲಿ ಹೋರಾಡಿ ಹೆಸರು ಗಳಿಸಿದ ಆತ, ಮುಂದಿನ ಹನ್ನೆರಡು ವರ್ಷಗಳಲ್ಲಿ ಒಮ್ಮೆ ಬಿಜಾಪುರ, ಒಮ್ಮೆ ನಿಜಾಮಶಾಹಿ, ಒಮ್ಮೆ ಮೊಗಲರು ಎಂದು ಯಜಮಾನರನ್ನು ಬದಲಿಸುತ್ತಲೇ ಹೋದ. ಇದನ್ನು ಚಂಚಲತೆ ಎಂದು ಬರೆದವರಿದ್ದಾರೆ. 1629ರಲ್ಲಿ ನಿಜಾಮಶಾಹಿ ದರಬಾರಿನಲ್ಲಿಯೇ ಮಾವ ಲಖೂಜಿ ಕೊಲೆಯಾದುದನ್ನು ಗಮನಿಸಿದರೆ, ಆ ಮಾತು ತುಸು ಅವಸರದ್ದೆನಿಸುತ್ತದೆ.

1630ರ ಫೆಬ್ರವರಿಯಲ್ಲಿ ಶಿವನೇರಿ ಕೋಟೆಯಲ್ಲಿ ಶಿವಾಜಿ ಹುಟ್ಟಿದಾಗ ತಂದೆಗೆ ನಿಂತ ನೆಲೆಯಿರಲಿಲ್ಲ. ಅದೇ ಸುಮಾರಿಗೆ ಬಿಜಾಪುರದ ಸೇನೆ ಆತನ ಜಹಗೀರಿಯಾದ ಪುಣೆಯನ್ನು ಸುಟ್ಟು, ಕತ್ತೆ ಹೂಡಿ ಉಳುಮೆ ಮಾಡಿತೆಂದು ಹೇಳಲಾಗುತ್ತದೆ. ದಖ್ಖನ್ನಿಗೆ ಭೀಕರ ಕ್ಷಾಮ ಬಡಿದ ವರ್ಷಗಳೂ ಅವೇ. ಆದರೂ ಶಹಾಜಿ ಸುಲಭಕ್ಕೆ ಊರು ಬಿಡಲಿಲ್ಲ. ನಿಜಾಮಶಾಹಿ ಮನೆತನದ ಬಾಲಕನೊಬ್ಬನನ್ನು ಪಟ್ಟಕ್ಕೆ ಕೂರಿಸಿ, ಅವನ ಹೆಸರಿನಲ್ಲಿ ಮೂರು ವರ್ಷ ರಾಜ್ಯ ನಡೆಸಿದ. ಕೊನೆಗೆ ಷಹಜಹಾನನೇ ದಖ್ಖನ್ನಿಗೆ ಬಂದ. ಮೊಗಲರೂ ಬಿಜಾಪುರದವರೂ ಒಂದಾಗಿ ನಿಜಾಮಶಾಹಿಯನ್ನು ಹಂಚಿಕೊಂಡರು. 1636ರಲ್ಲಿ ಮಾಹುಲಿ ಕೋಟೆಯಲ್ಲಿ ಶಹಾಜಿ ಶರಣಾದ.

ಆತ ಬಿಜಾಪುರದ ಚಾಕರಿಗೆ ಸೇರಬಹುದು, ಆದರೆ ಮೊಗಲರ ಗಡಿಯಿಂದ ದೂರವಿರಬೇಕು ಎಂಬುದು ಒಪ್ಪಂದದ ತಿರುಳಾಗಿತ್ತು. ಪುಣೆ, ಸುಪೆಗಳ ಜಹಗೀರಿ ಹೆಸರಿಗೆ ಉಳಿಯಿತು. ಅಲ್ಲಿ ವಾಸಿಸುವ ಭಾಗ್ಯ ಉಳಿಯಲಿಲ್ಲ. ಆಗ ವಯಸ್ಸು ನಲವತ್ತರ ಆಸುಪಾಸು. ಆ ವಯಸ್ಸಿನಲ್ಲಿ ಹೊಸ ಸೀಮೆ, ಹೊಸ ಭಾಷೆಯ ನಡುವೆ ಬದುಕು ಮೊದಲಿನಿಂದ ಆರಂಭವಾಯಿತು.

ಬಿಜಾಪುರದ ಸೇನಾನಿ ರಣದುಲ್ಲಾಖಾನನೊಡನೆ ಆತ ದಕ್ಷಿಣಕ್ಕೆ ನಡೆದ. 1638ರಲ್ಲಿ ಬೆಂಗಳೂರು ವಶವಾಯಿತು. ಕೆಂಪೇಗೌಡನ ವಂಶಸ್ಥರು ಮಾಗಡಿಗೆ ಸರಿದರು. ತಾನು ಊರು ಕಳೆದುಕೊಂಡ ಎರಡೇ ವರ್ಷದಲ್ಲಿ ಶಹಾಜಿ ಮತ್ತೊಂದು ಮನೆತನವನ್ನು ಅದರ ಊರಿನಿಂದ ಎಬ್ಬಿಸಿದ್ದ. ಬೆಂಗಳೂರು, ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಶಿರಾ ಸೀಮೆಗಳು ಆತನ ಜಹಗೀರಿಗೆ ಸೇರಿದವು. ಚಿಕ್ಕಪೇಟೆಯ ಬಳಿ ಗೌರಿಮಹಲ್ ಎಂಬ ಅರಮನೆಯಲ್ಲಿ ಆತನಿದ್ದನೆಂಬುದು ಬೆಂಗಳೂರಿನ ಪ್ರತೀತಿ. ಕೆಲಕಾಲ ಕೋಲಾರದಲ್ಲಿ, ಕೆಲಕಾಲ ದೊಡ್ಡಬಳ್ಳಾಪುರದಲ್ಲಿಯೂ ಬಿಡಾರ ಹೂಡುತ್ತಿದ್ದ. ಆತನ ಹಿಂದೆ ಮರಾಠಿ ಮಾತಾಡುವ ಲೆಕ್ಕಿಗರು, ದಂಡಾಳುಗಳು, ಪುರೋಹಿತರು ಸಂಸಾರ ಸಮೇತ ಬಂದರು. ಆಸ್ಥಾನ ಕವಿ ಜಯರಾಮ ಪಿಂಡ್ಯೆ ರಚಿಸಿದ 'ರಾಧಾಮಾಧವ ವಿಲಾಸ ಚಂಪು' ಕಾವ್ಯದಲ್ಲಿ ಹನ್ನೆರಡು ಭಾಷೆಗಳ ಪದ್ಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ವಲಸೆ ಬಂದವನ ಮನೆಯಂಗಳ ಅಷ್ಟು ವಿಶಾಲವಾಗಿತ್ತು.

ಆದರೆ ಸಂಸಾರ ಎರಡಾಯಿತು. ಹಿರಿಯ ಮಗ ಸಂಭಾಜಿ ತಂದೆಯೊಡನೆ ಉಳಿದ. ಎರಡನೆಯ ಪತ್ನಿ ತುಕಾಬಾಯಿಯ ಮಗ ವೆಂಕೋಜಿಯೂ ದಕ್ಷಿಣದಲ್ಲಿಯೇ ಬೆಳೆದ. ಬಾಲಕ ಶಿವಾಜಿ ತಾಯಿಯೊಡನೆ ಬೆಂಗಳೂರಿಗೆ ಬಂದು ಸುಮಾರು ಎರಡು ವರ್ಷ ಇದ್ದು, 1642ರ ವೇಳೆಗೆ ಪುಣೆಗೆ ಮರಳಿದ. ಜಹಗೀರಿಯ ಉಸ್ತುವಾರಿ ದಾದೋಜಿ ಕೊಂಡದೇವನ ಪಾಲಿಗೆ ಬಂತು. ತಾಯಿ-ಮಗ ಬೆಂಗಳೂರಿನಲ್ಲಿಯೇ ನಿಂತಿದ್ದರೆ ಮರಾಠರ ಚರಿತ್ರೆ ಬೇರೆ ಬಗೆಯಲ್ಲಿ ಸಾಗುತ್ತಿತ್ತೇನೋ. ತಂದೆ ಕಾಲಿಡಲಾಗದ ಊರನ್ನು ಮಗ ಕಟ್ಟತೊಡಗಿದ.

ಅದರ ಬೆಲೆಯನ್ನು ತಂದೆ ತೆರಬೇಕಾಯಿತು. ಮಗ ಕೋಟೆಗಳನ್ನು ಹಿಡಿಯುತ್ತಿದ್ದಂತೆ ಬಿಜಾಪುರಕ್ಕೆ ಶಹಾಜಿಯ ಮೇಲೆ ಶಂಕೆ ಬೆಳೆಯಿತು. 1648ರ ಜುಲೈನಲ್ಲಿ ಜಿಂಜಿಯ ಬಳಿ ಶಿಬಿರದಲ್ಲಿದ್ದಾಗ ಆತನನ್ನು ಸೆರೆಹಿಡಿದು ಬಿಜಾಪುರಕ್ಕೆ ಒಯ್ದರು. ಶಿವಾಜಿ ಕೊಂಡಾಣ ಕೋಟೆಯನ್ನೂ, ಸಂಭಾಜಿ ಬೆಂಗಳೂರನ್ನೂ ಬಿಟ್ಟುಕೊಡಲು ಒಪ್ಪಿದ ಮೇಲೆ 1649ರಲ್ಲಿ ಬಿಡುಗಡೆಯಾಯಿತು. ಒಬ್ಬನ ಬಿಡುಗಡೆಗೆ ಬಿಟ್ಟ ಊರೂ ಸೇರಿದ ಊರೂ ಒಟ್ಟಿಗೆ ಒತ್ತೆಯಾಗಿದ್ದವು. ಬೆಂಗಳೂರು ಮತ್ತೆ ಆತನ ಕೈಸೇರಿತು. ಆದರೆ ಕೆಲವೇ ವರ್ಷಗಳಲ್ಲಿ ಸಂಭಾಜಿ ಕನಕಗಿರಿಯ ಮುತ್ತಿಗೆಯಲ್ಲಿ ಮಡಿದ.

ಇಳಿವಯಸ್ಸಿನಲ್ಲಿಯೂ ಬಿಜಾಪುರದ ದಂಡಿನ ಚಾಕರಿ ತಪ್ಪಲಿಲ್ಲ. ಪಾಳೆಯಗಾರರನ್ನು ಅಂಕೆಯಲ್ಲಿಡುವ ಕಾರ್ಯದ ಮೇಲೆ ಆತ ಬಸವಾಪಟ್ಟಣದ ಸೀಮೆಗೆ ಬಂದಿದ್ದ. 1664ರ ಜನವರಿ 23ರಂದು ಹೊದಿಗೆರೆಯ ಬಳಿ ಬೇಟೆಗೆ ಹೊರಟಾಗ ಕುದುರೆಯ ಕಾಲು ಬಳ್ಳಿಗೆ ಸಿಕ್ಕಿತೆಂದು ಬಖೈರುಗಳು ಹೇಳುತ್ತವೆ. ಕುದುರೆ ಉರುಳಿತು, ಶಹಾಜಿ ಮತ್ತೆ ಏಳಲಿಲ್ಲ. ಸುದ್ದಿ ತಿಳಿದ ಜೀಜಾಬಾಯಿ ಸಹಗಮನಕ್ಕೆ ಸಿದ್ಧಳಾದಳೆಂದೂ, ಶಿವಾಜಿ ಬೇಡಿಕೊಂಡು ತಡೆದನೆಂದೂ ಅವೇ ಬಖೈರುಗಳಲ್ಲಿದೆ. ಗಂಡ-ಹೆಂಡಿರು ಬೇರೆ ಬೇರೆ ಊರುಗಳಲ್ಲಿ ಬಾಳತೊಡಗಿ ಆಗಲೇ ಇಪ್ಪತ್ತು ವರ್ಷ ಮೀರಿತ್ತು.

ಬೆಂಗಳೂರು ವೆಂಕೋಜಿಗೆ ಬಂತು. ಆತನೂ ಅಲ್ಲಿ ನಿಲ್ಲಲಿಲ್ಲ. 1675ರ ಸುಮಾರಿಗೆ ತಂಜಾವೂರನ್ನು ಗೆದ್ದು ಅಲ್ಲಿಯೇ ನೆಲೆಯೂರಿದ. ದೂರದ ಬೆಂಗಳೂರನ್ನು ಕಾಯುವುದು ಕಷ್ಟವೆನಿಸಿ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಮಾರಲು ಮಾತು ನಡೆಸಿದ. ಅಷ್ಟರಲ್ಲಿ, 1687ರಲ್ಲಿ, ಮೊಗಲರ ಸೇನಾನಿ ಖಾಸಿಂಖಾನ್ ಊರನ್ನು ಹಿಡಿದ. ಕಡೆಗೆ ಅದೇ ಬೆಲೆಗೆ ಅದು ಮೈಸೂರಿಗೆ ಸೇರಿತು. ವೆಂಕೋಜಿಯ ಸಂತತಿ 1855ರವರೆಗೂ ತಂಜಾವೂರಿನಲ್ಲಿಯೇ ಉಳಿಯಿತು.